ಅವ್ವನ ಹೆರಳಿಗೆ ಹೂವು ಇಟ್ಟದ್ದು ಯಾಕೆಂದರೆ

ಮಮದಾಪುರದ ನನ್ನ ಅವ್ವಂದಿರಿಗೆ, ಅತ್ತಿಯರಿಗೆ, ಅಕ್ಕ-ತಂಗಿಯರಿಗೆ ನರ್ಸಬಾಯಿ ಮಗಳ ಶರಣು.

ಹೋದ ವರ್ಷ ನಮ್ಮ ಪಡಸಾಲೆಯಲ್ಲಿ, ತೀರಿಕೊಂಡ ಅವ್ವನನ್ನು ಗೋಡೆಗೆ ಆನಿಸಿ ಕೂರಿಸಿದ ಮುಂಜಾನೆ ನೀವೆಲ್ಲ ಬಂದಿದ್ದಿರಿ. ಕೆಲವರು ಅತ್ತಿರಿ, ಕೆಲವರು ಭಜನೆಗೆ ಕೂತಿರಿ, ಇನ್ನು ಕೆಲವರು ನಮ್ಮ ಅಡಿಗೆಮನೆಗೆ ಹೋಗಿ ಬಂದವರಿಗೆಲ್ಲ ಚಹಾ ಮಾಡಿಕೊಟ್ಟಿರಿ. ನಾನು ಒಳಗೆ ಹೋದೆ. ಅವ್ವ ಹಿಂದಿನ ದಿನ ತಾನೇ ತರಿಸಿ ಒದ್ದೆ ಅರಿವೆಯಲ್ಲಿ ಸುತ್ತಿಟ್ಟಿದ್ದ ಕಾಕಡಾ, ಅಬ್ಬಲಿಗೆ ಇನ್ನೂ ತಣ್ಣಗಿದ್ದವು. ಒಂದು ಮೊಳ ಕಟ್ಟಿದೆ. ತಂದು ಅವಳ ಹೆರಳಿಗೆ ಮುಡಿಸಿದೆ.

ಭಜನೆ ನಿಂತಿತು. ನಿಮ್ಮಲ್ಲೇ ಒಬ್ಬ ಹಿರಿಯ ಆಯಿ ನನ್ನ ಮುಂಗೈ ಹಿಡಿದು ಮೆಲ್ಲಗೆ ಕೇಳಿದಳು: "ಯವ್ವಾ, ಗಂಡ ಇಲ್ಲದಾಕಿ ತಲಿಗೆ ಹೂವ ಯಾಕ ಇಟ್ಟಿ?" ಬೈದದ್ದಲ್ಲ, ಕಂಗಾಲಾಗಿ ಕೇಳಿದ್ದು. ನನಗೆ ಬಾಯಿ ಬರಲಿಲ್ಲ. ಆಕೆಯೇ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಭಜನೆ ಎತ್ತಿಕೊಂಡಳು.

ಈಗ ವರ್ಷ ತುಂಬುತ್ತ ಬಂತು. ಪುಣ್ಯತಿಥಿಗೆ ಬ್ಯಾನರ್ ಮಾಡಿಸುತ್ತೇವೆ ಎಂದು ಸಂಘದ ತಂಗಿಯರು ಫೋನ್ ಮಾಡಿದ್ದರು. "ತ್ಯಾಗಮಯಿ, ಸೇವಾಮೂರ್ತಿ, ಮಾತೃಹೃದಯಿ ಅಂತ ಹಾಕಸೂಣೇನ್ರಿ ಅಕ್ಕಾ?" ಎಂದು ಕೇಳಿದರು. ನಾಳೆ ಹೇಳುತ್ತೇನೆ ಎಂದು ಫೋನ್ ಇಟ್ಟೆ. ಆಯಿ ಕೇಳಿದ್ದಕ್ಕೂ ತಂಗಿಯರು ಕೇಳಿದ್ದಕ್ಕೂ ಸೇರಿಸಿ ಈ ಪತ್ರ ಬರೆಯುತ್ತಿದ್ದೇನೆ. ಒಬ್ಬೊಬ್ಬರ ಕಿವಿಯಲ್ಲಿ ಹೇಳಿದರೆ ಮಾತು ಬೇರೆಯಾಗುತ್ತದೆ. ಎಲ್ಲರೂ ಒಟ್ಟಿಗೇ ಓದಲಿ ಎಂದು ಬಹಿರಂಗವಾಗಿ ಬರೆದೆ.

ಅವ್ವ ಹುಕ್ಕೇರಿ ಕಡೆಯ ಹೂಗಾರರ ಮನೆಯ ಮಗಳು ಎಂಬುದು ನಿಮಗೆ ಗೊತ್ತು. ಹೂಗಾರರ ಮನೆಯೆಂದರೆ ಏನು ಎಂಬುದು ಈಗಿನ ಹುಡುಗಿಯರಿಗೆ ಅಷ್ಟು ಗೊತ್ತಿರಲಿಕ್ಕಿಲ್ಲ. ನಸುಕಿನಲ್ಲಿ ಎದ್ದು ಗುಡಿಗೂ ಮನೆಮನೆಗೂ ಪತ್ರಿ-ಹೂವು ಮುಟ್ಟಿಸುವುದು, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಆಯದ ಕಾಳು ತರುವುದು. ಕಲ್ಯಾಣದ ಶರಣರಲ್ಲಿ ಹೂಗಾರ ಮಾದಯ್ಯ ಎಂಬುವನಿದ್ದ ಎಂದು ನಮ್ಮ ಅಜ್ಜ ಹೆಮ್ಮೆಯಿಂದ ಹೇಳುತ್ತಿದ್ದ. ಅಜ್ಜಿ ಕಾಲಿನ ಹೆಬ್ಬೆರಳಿಗೆ ದಾರ ಸುತ್ತಿಕೊಂಡು ಹೂ ಕಟ್ಟುತ್ತಿದ್ದಳಂತೆ. ಅವ್ವ ಐದು ವರ್ಷದವಳಿದ್ದಾಗಲೇ ಅಜ್ಜಿಯ ಎದುರು ಕೂತು ಕಲಿತಳು.

ಆ ಕೈಚಳಕವನ್ನು ನೀವು ನೋಡಿದ್ದೀರಿ, ಆದರೂ ಒಮ್ಮೆ ಬರೆಯುತ್ತೇನೆ. ಎಡಗೈಯ ಎರಡು ಬೆರಳ ನಡುವೆ ಆ ಕಡೆಗೆ ಎರಡು ಹೂ, ಈ ಕಡೆಗೆ ಎರಡು ಹೂ, ತೊಟ್ಟಿಗೆ ತೊಟ್ಟು ಕೂಡಿಸಿ ಹಿಡಿಯಬೇಕು. ಬಲಗೈಯ ದಾರ ತೊಟ್ಟಿನ ಮೇಲೆ ಒಂದು ಸುತ್ತು ಬಂದು, ಬೆರಳಲ್ಲೇ ಕುಣಿಕೆಯಾಗಿ, ಆ ಕುಣಿಕೆ ಹೂವಿನ ಮೇಲಿಂದ ಇಳಿದು ತೊಟ್ಟಿನಲ್ಲಿ ಕೂತಾಗ ಎಳೆಯಬೇಕು. ಎಷ್ಟು ಎಳೆಯಬೇಕು ಎನ್ನುವುದರಲ್ಲೇ ಎಲ್ಲ ಇದೆ. ಹೆಚ್ಚಾದರೆ ತೊಟ್ಟು ಕತ್ತರಿಸುತ್ತದೆ, ಕಡಿಮೆಯಾದರೆ ಮದುವೆಮನೆ ಮುಟ್ಟುವುದರೊಳಗೆ ದಾರ ಬೋಳಾಗುತ್ತದೆ. ನಾನು ಚಿಕ್ಕವಳಿದ್ದಾಗ ಬಹಳ ಬಿಗಿದು ಬೈಸಿಕೊಳ್ಳುತ್ತಿದ್ದೆ.

ಎಸ್.ಎಸ್.ಎಲ್.ಸಿ. ಆದ ಮೇಲೆ ಎ.ಎನ್.ಎಂ. ನರ್ಸ್ ತರಬೇತಿಗೆ ಹೋದ ಅವ್ವನಿಗೆ ಹೊಕ್ಕುಳಬಳ್ಳಿ ಕಟ್ಟುವುದನ್ನು ಕಲಿಸುವಾಗ ಕೈ ನಡುಗಲಿಲ್ಲವಂತೆ. ಜೊತೆಯ ಹುಡುಗಿಯರು ಹೆದರಿ ಸಡಿಲು ಕಟ್ಟುತ್ತಿದ್ದರು. ಸಡಿಲಾದರೆ ಕೂಸಿನ ರಕ್ತ ಸೋರುತ್ತದೆ. ಕುದಿಸಿದ ದಾರ, ಎರಡು ಕಡೆ ಗಂಟು, ನಡುವೆ ಹೊಸ ಬ್ಲೇಡು. ಸ್ವಚ್ಛ ಕೈ, ಸ್ವಚ್ಛ ಹಾಸಿಗೆ, ಸ್ವಚ್ಛ ಬ್ಲೇಡು, ಸ್ವಚ್ಛ ದಾರ, ಹೊಕ್ಕುಳಿಗೆ ಬೂದಿ-ಅರಿಷಿಣ ಏನೂ ಹಚ್ಚದಿರುವುದು: ಈ ಐದನ್ನು ಅವ್ವ ನಮ್ಮ ಸುತ್ತಿನ ಸೂಲಗಿತ್ತಿಯರಿಗೆ ಹೇಳಿ ಹೇಳಿ ರೂಢಿ ಮಾಡಿಸಿದಳು. ಅವರನ್ನು ಎಂದೂ ಹೀಯಾಳಿಸಲಿಲ್ಲ. "ಅವರ ಕೈ ಬಲ್ಲ ಕೈ, ತೊಳಕೊಂಡ್ರ ಸಾಕು" ಎನ್ನುತ್ತಿದ್ದಳು. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಟಿ.ವಿ. ಮುಂದೆ ಕೂತು ಕಣ್ಣು ಒರೆಸಿಕೊಂಡದ್ದನ್ನು ನಾನು ಕಂಡಿದ್ದೇನೆ. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ಆ ತಾಯಿ ಪ್ರಶಸ್ತಿ ಬಂದ ವರ್ಷವೇ ಡಿಸೆಂಬರಿನಲ್ಲಿ ತೀರಿಕೊಂಡರು.

ಅವ್ವ ನೌಕರಿಗೆ ಸೇರಿದ್ದು 1979ರಲ್ಲಿ. ಆಗ ಮೂಡಲಗಿ ಬೇರೆ ತಾಲೂಕಾಗಿರಲಿಲ್ಲ, ಎಲ್ಲದಕ್ಕೂ ಗೋಕಾಕವೇ. ಬಯಲುಸೀಮೆಯಲ್ಲಿ ಐದು ಸಾವಿರ ಜನಕ್ಕೆ ಒಂದು ಉಪಕೇಂದ್ರ ಎಂಬ ಲೆಕ್ಕ. ಆ ಐದು ಸಾವಿರ ಜನ ಒಂದೇ ಕಡೆ ಇರುವುದಿಲ್ಲ, ತೋಟದ ವಸತಿಗಳಲ್ಲಿ ಚದುರಿರುತ್ತಾರೆ. ಗಾಜಿನ ಸಿರಿಂಜಿನ ಕಾಲ. ಸ್ಟೀಲಿನ ಉದ್ದನೆಯ ಡಬ್ಬಿಯಲ್ಲಿ ಸಿರಿಂಜು, ಸೂಜಿ ಹಾಕಿ ಸ್ಟವ್ ಮೇಲೆ ಇಪ್ಪತ್ತು ನಿಮಿಷ ಕುದಿಸಬೇಕು. ಗಡಿಯಾರ ನೋಡುವುದನ್ನು ನಾನು ಕಲಿತದ್ದೇ ಆ ಡಬ್ಬಿಯ ಎದುರು. "ಮುಳ್ಳು ಅಲ್ಲಿಗೆ ಬಂದ ಮ್ಯಾಲ ನನ್ನ ಕರಿ" ಎಂದು ಹೇಳಿ ಅವ್ವ ರೊಟ್ಟಿ ಬಡಿಯಲು ಕೂರುತ್ತಿದ್ದಳು. ಒಮ್ಮೆ ಬಳಸಿ ಎಸೆಯುವ ಸಿರಿಂಜು ಬಂದ ಮೇಲೆ ಆ ಡಬ್ಬಿ ಮನೆಗೆ ಬಂತು. ಹೂವಿನ ಸೂಜಿ, ದಾರದ ಉಂಡೆ, ಸಣ್ಣ ಕತ್ತರಿ ಅದರೊಳಗೆ ಸೇರಿದವು.

1985ರಲ್ಲಿ ಸಾರ್ವತ್ರಿಕ ಲಸಿಕೆ ಕಾರ್ಯಕ್ರಮ ಶುರುವಾಯಿತು. ನಾಲ್ಕು ಐಸ್‌ಪ್ಯಾಕಿನ ಆ ಸಣ್ಣ ಪೆಟ್ಟಿಗೆ ಹೆಗಲಿಗೆ ಬಂತು. ಲಸಿಕೆ ಎರಡು ಡಿಗ್ರಿಯಿಂದ ಎಂಟು ಡಿಗ್ರಿಯೊಳಗೇ ಇರಬೇಕು. ಬಿಸಿಯಾದರೂ ಕೆಟ್ಟಿತು, ಕೆಲವು ಲಸಿಕೆ ಹೆಪ್ಪುಗಟ್ಟಿದರೂ ಕೆಟ್ಟಿತು. ಬೇಸಗೆಯಲ್ಲಿ ಒಂದು ಮದುವೆಮನೆಯವರು, ಗೋಕಾಕದಿಂದ ಬರುವಾಗ ಎರಡು ಮೊಳ ಮಲ್ಲಿಗೆ ಆ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಬಾರವ್ವ, ಬಾಡುವುದಿಲ್ಲ ಎಂದರು. ಹೂವೆಂದರೆ ಜೀವ ಬಿಡುವ ಅವ್ವ ಆಗುವುದಿಲ್ಲ ಎಂದಳು. ಹೂವಿಗೆ ಬೇರೆ ಒದ್ದೆ ಅರಿವೆ ಮಾಡಿ, ಬಾಳೆಎಲೆಯಲ್ಲಿ ಸುತ್ತಿ, ಎಡಗೈಯಲ್ಲಿ ಹಿಡಿದುಕೊಂಡೇ ಬಂದಳು. ಬಲ ಹೆಗಲಿಗೆ ಲಸಿಕೆಯ ಪೆಟ್ಟಿಗೆ. 1995ರ ಚಳಿಗಾಲದಲ್ಲಿ ಪಲ್ಸ್ ಪೋಲಿಯೋ ಶುರುವಾದ ಮೇಲೆ ಅವಳಿಗೆ ಎಷ್ಟು ಭಾನುವಾರ ಸಿಕ್ಕಲಿಲ್ಲವೋ ಲೆಕ್ಕವಿಲ್ಲ. ದೇಶದ ಕೊನೆಯ ಪೋಲಿಯೋ ಪ್ರಕರಣ 2011ರ ಜನವರಿಯದು. ಮೂರು ವರ್ಷ ಕಳೆದು ದೇಶ ಪೋಲಿಯೋಮುಕ್ತ ಎಂದು ಸಾರಿದ ದಿನ ನಮ್ಮ ಮನೆಯಲ್ಲಿ ಹೋಳಿಗೆ ಮಾಡಿದ್ದಳು. ಯಾವ ಹಬ್ಬ ಎಂದು ಓಣಿಯವರು ಕೇಳಿದ್ದು ನೆನಪಿದೆಯೇ?

1988ರಲ್ಲಿ ಅಪ್ಪ ಹೋದ. ನನಗೆ ಆರು, ತಮ್ಮನಿಗೆ ಮೂರು ವರ್ಷ. ಅವ್ವನಿಗೆ ಮೂವತ್ತೊಂದು. ಹದಿನಾಲ್ಕನೇ ದಿನಕ್ಕೆ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ಡ್ಯೂಟಿಗೆ ಹೋದಳು. ಬಳೆ ಇಲ್ಲದ ಕೈ, ಹೂವಿಲ್ಲದ ತಲೆ. ಹುಟ್ಟಿದಾಗಿನಿಂದ ಹೂವಿನ ಬುಟ್ಟಿಯ ಪಕ್ಕ ಬೆಳೆದವಳು ಅಂದಿನಿಂದ ಒಂದು ಎಸಳನ್ನೂ ತನಗೆಂದು ಮುಟ್ಟಲಿಲ್ಲ. ಆದರೆ ಹೂ ಕಟ್ಟುವುದನ್ನು ಬಿಡಲಿಲ್ಲ. ನೀವೂ ಬಿಡಲು ಬಿಡಲಿಲ್ಲ. ತಲೆಗೆ ಮುಡಿಸುವ ಹೂವಿನ ದಂಡಿಯಿದೆಯಲ್ಲ, ಅವಳ ದಂಡಿಯಂಥ ದಂಡಿ ಸುತ್ತಲಿನ ಯಾವ ಊರಲ್ಲೂ ಇರಲಿಲ್ಲ. ನೌಕರಿ ಇರುವತನಕ ಹೂವಿನ ಕೆಲಸಕ್ಕೆ ಒಂದು ರೂಪಾಯಿ ಮುಟ್ಟಲಿಲ್ಲ. ಸರಕಾರದ ಸಂಬಳ ತಿನ್ನುವವರು ಬೇರೆ ದುಡಿಮೆ ಮಾಡಬಾರದು ಎಂಬುದು ಅವಳ ನೇಮ. ಹೂ ನೀವು ತಂದುಕೊಡುತ್ತಿದ್ದಿರಿ, ಕೈ ಅವಳದು.

ಈಗ ಕುಬಸದ ಮಾತಿಗೆ ಬರುತ್ತೇನೆ. ಈ ಪತ್ರ ಬರೆಯಲು ಕೂತದ್ದೇ ಅದಕ್ಕೆ.

ಏಳನೇ ತಿಂಗಳ ಬಸುರಿಗೆ ಹಸಿರು ಸೀರೆ, ಹಸಿರು ಬಳೆ, ಉಡಿ ತುಂಬುವುದು, ತಲೆಗೆ ದಂಡಿ, ಬೆನ್ನಿನುದ್ದ ಹೂವಿನ ಹೆರಳು. ಮುಂಜಾನೆಯೇ ಅವ್ವನನ್ನು ಕರೆಯುತ್ತಿದ್ದಿರಿ. ಒಳಕೋಣೆಯಲ್ಲಿ ಬಸುರಿಯನ್ನು ಮಣೆಯ ಮೇಲೆ ಕೂರಿಸಿ ಅವ್ವ ಹಿಂದೆ ಕೂರುತ್ತಿದ್ದಳು. ಎಣ್ಣೆ ಹಚ್ಚಿ, ಬಾಚಿ, ಹೆರಳು ಹಾಕಿ, ಅದರ ಮೇಲೆ ಸೂಜಿಯಿಂದ ಕಾಕಡಾ ಮೊಗ್ಗಿನ ಸಾಲು, ನಡುನಡುವೆ ಅಬ್ಬಲಿಗೆ, ತುದಿಗೆ ಗೊಂಡೆ. ಕಮ್ಮಿಯೆಂದರೂ ಒಂದೂವರೆ ತಾಸು. ಶಾಲೆಗೆ ರಜೆಯಿದ್ದ ದಿನ ನಾನೂ ಜೊತೆಗೆ ಹೋಗುತ್ತಿದ್ದೆ, ಮೊಗ್ಗು ಎತ್ತಿಕೊಡಲು.

ಬಹಳ ದಿನ ನನಗೆ ತಿಳಿಯದ ಸಂಗತಿ ಒಂದಿತ್ತು. ಉಪಕೇಂದ್ರಕ್ಕೆ ಬಾ ಎಂದರೆ ಬಾರದ ಸೊಸೆಯರು, ಅತ್ತೆಯ ಮುಂದೆ ಬಾಯಿ ಬಿಡದವರು, ಕಬ್ಬಿಣದ ಗುಳಿಗೆಯನ್ನು ಹಿತ್ತಲಿಗೆ ಎಸೆಯುವವರು, ಆ ಒಂದೂವರೆ ತಾಸು ಅವ್ವನ ಕೈಯಲ್ಲಿ ಅಲುಗಾಡದೆ ಕೂರುತ್ತಿದ್ದರು. ತಲೆ ಹಿಂದಕ್ಕೆ ಬಾಗಿಸುವ ನೆಪದಲ್ಲಿ ಕಣ್ಣಿನ ಕೆಳರೆಪ್ಪೆ ಎಳೆದು ಒಳಗಿನ ಬಣ್ಣ ನೋಡುತ್ತಿದ್ದಳು. ಬೆಳ್ಳಗಿದ್ದರೆ ರಕ್ತ ಕಮ್ಮಿ. ನಮ್ಮ ರಾಜ್ಯದ ಬಸುರಿಯರಲ್ಲಿ ಇಂದಿಗೂ ಅರ್ಧಕ್ಕೆ ಹತ್ತಿರ ಮಂದಿಗೆ ರಕ್ತಹೀನತೆ ಇದೆ. ದಾರ ಹಿಡಿದುಕೋ ಎಂದು ಕೊಟ್ಟು ಉಗುರು ನೋಡುತ್ತಿದ್ದಳು. ಕಿವಿಯ ಹತ್ತಿರ ಬಾಗಿ, ಕೂಸು ಹೊರಳುತ್ತದೆಯೇ, ತಲೆ ಸಿಡಿಯುತ್ತದೆಯೇ, ಕಣ್ಣು ಮಂಜಾಗುತ್ತದೆಯೇ, ಗಂಡ ಹೊಡೆಯುತ್ತಾನೆಯೇ ಎಂದು ಕೇಳುತ್ತಿದ್ದಳು. ಎದುರು ಕೂತು ಕೇಳಿದರೆ ಹೇಳದ್ದನ್ನು ಹಿಂದೆ ಕೂತವಳಿಗೆ ಹುಡುಗಿಯರು ಹೇಳುತ್ತಿದ್ದರು.

ಒಂದು ಕುಬಸ ನನಗೆ ಚೆನ್ನಾಗಿ ನೆನಪಿದೆ. ನಾನಾಗ ಹೈಸ್ಕೂಲಿನಲ್ಲಿದ್ದೆ. ಬಳೆಗಾರ ಎಷ್ಟು ಒತ್ತಿದರೂ ಹಸಿರು ಬಳೆ ಆ ಹುಡುಗಿಯ ಮುಂಗೈ ದಾಟಲಿಲ್ಲ, ಎರಡು ಒಡೆದವು. ನೆರೆದವರು ನಕ್ಕು, "ತವರಮನಿ ಉಣಿಸು ಮೈಗೆ ಹತ್ತೈತಿ" ಎಂದರು. ಅವ್ವ ನಗಲಿಲ್ಲ. ಸೀರೆಯ ಅಂಚು ಸರಿ ಮಾಡುವವಳಂತೆ ಬಾಗಿ ಅವಳ ಮೊಣಕಾಲ ಕೆಳಗೆ ಮುಂಗಾಲಿನ ಎಲುಬಿನ ಮೇಲೆ ಹೆಬ್ಬೆರಳು ಒತ್ತಿ ತೆಗೆದಳು. ಹಿಟ್ಟಿನಲ್ಲಿ ಒತ್ತಿದಂತೆ ತಗ್ಗು ಹಾಗೇ ಉಳಿಯಿತು. ನನ್ನನ್ನು ಮನೆಗೆ ಓಡಿಸಿ ಬಿ.ಪಿ. ಪೆಟ್ಟಿಗೆ ತರಿಸಿದಳು. ಬಸುರಿಯಲ್ಲಿ 140-90 ದಾಟಿದರೆ ಎಚ್ಚರ ಬೇಕು. ಅವಳದು 160-110 ಇತ್ತು. ಹಿತ್ತಲಲ್ಲಿ ಮೂತ್ರ ಹಿಡಿದು, ಗಾಜಿನ ನಳಿಗೆಯಲ್ಲಿ ಸ್ಪಿರಿಟ್ ದೀಪದ ಮೇಲೆ ಕಾಯಿಸಿದಳು. ಮೇಲ್ಭಾಗ ಮೊಟ್ಟೆಯ ಬಿಳಿಯಂತೆ ಮೋಡಗಟ್ಟಿತು.

ಅವ್ವ ಒದರಲಿಲ್ಲ. ಅತ್ತೆಯನ್ನು ಪಕ್ಕಕ್ಕೆ ಕರೆದು, "ಅಕ್ಕಾ, ಶಾಸ್ತ್ರ ಲಗೂನ ಮುಗಸ್ರಿ, ಹುಡುಗಿನ್ನ ಈಗಿಂದೀಗ ಗೋಕಾಕಕ್ಕ ಒಯ್ಯೂದೈತಿ. ತಡಾ ಆದ್ರ ಫಿಟ್ಸ್ ಬರತಾವ, ಇಬ್ರೂ ಉಳಿಯೂದಿಲ್ಲ" ಎಂದಳು. ಉಡಿ ತುಂಬಿದ ಅಕ್ಕಿ ಮಡಿಲಲ್ಲಿರುವಾಗಲೇ ಹುಡುಗಿ ಜೀಪು ಹತ್ತಿದಳು. ದಂಡಿಯೂ ತಲೆಯ ಮೇಲೆ ಹಾಗೇ ಇತ್ತು. ಗೋಕಾಕದಿಂದ ಬೆಳಗಾವಿಗೆ ಕಳಿಸಿದರು. ದಿನ ತುಂಬುವ ಮೊದಲೇ ಹೆರಿಗೆಯಾಯಿತು. ತಾಯಿ ಉಳಿದಳು, ಕೂಸೂ ಉಳಿಯಿತು. ಹೆಸರು ಬರೆಯುವುದಿಲ್ಲ, ನಿಮಗೆ ಗೊತ್ತು.

ಕರ್ನಾಟಕದಲ್ಲಿ 2001-03ರ ಸುಮಾರಿಗೆ ಒಂದು ಲಕ್ಷ ಕೂಸು ಹುಟ್ಟಿದರೆ 228 ತಾಯಂದಿರು ಸಾಯುತ್ತಿದ್ದರು. 2018-20ಕ್ಕೆ ಅದು 69ಕ್ಕೆ ಇಳಿಯಿತು. ದವಾಖಾನೆ ಹೆರಿಗೆ, 108ರ ಗಾಡಿ, ಆಶಾ ಕಾರ್ಯಕರ್ತೆಯರು, ತಾಯಿ ಕಾರ್ಡು ಎಲ್ಲವೂ ಸೇರಿ ಆದ ಕೆಲಸ ಅದು. ಬಳೆ ಏರಲಿಲ್ಲ ಎಂದಾಗ ನಗದೆ ಕಾಲು ಒತ್ತಿ ನೋಡಿದವರ ಪಾಲೂ ಆ ಲೆಕ್ಕದಲ್ಲಿದೆ. ಸಂಘದ ತಂಗಿಯರೇ, ಬ್ಯಾನರಿನ ಮೇಲೆ ತ್ಯಾಗ ಎಂದು ಬರೆಸುವುದು ನನಗೆ ಒಪ್ಪಿಗೆಯಾಗದ್ದು ಇದಕ್ಕೇ. ಅವ್ವ ಏನನ್ನು ತ್ಯಾಗ ಮಾಡಿದಳು? ಅವಳಿಗೆ ಕೆಲಸ ಬರುತ್ತಿತ್ತು. ಬಲು ಚೆನ್ನಾಗಿ ಬರುತ್ತಿತ್ತು. ತ್ಯಾಗಮಯಿ ಎಂದು ಕರೆದುಬಿಟ್ಟರೆ ಆ ಕಲಿಕೆ, ಆ ಕಣ್ಣು, ಆ ಬಿಗಿ ಎಲ್ಲ ಮರೆತುಹೋಗುತ್ತವೆ. ತ್ಯಾಗ ಅಂದದ್ದಕ್ಕೆ ಯಾರೂ ಸಂಬಳ ಏರಿಸುವುದಿಲ್ಲ, ಕುರ್ಚಿಯನ್ನೂ ಕೊಡುವುದಿಲ್ಲ.

ಇನ್ನು ಆಯಿ ಕೇಳಿದ ಮಾತು.

ಒಳಕೋಣೆಯಲ್ಲಿ ಹೆರಳು ಮುಗಿದ ಮೇಲೆ ಅವ್ವ ದಂಡಿಯನ್ನು ತಟ್ಟೆಯಲ್ಲಿ ಇಟ್ಟು, ಸೂಜಿ-ದಾರ ಡಬ್ಬಿಗೆ ಹಾಕಿ, ಎದ್ದು ಅಡಿಗೆಮನೆಗೆ ಹೋಗಿಬಿಡುತ್ತಿದ್ದಳು. ದಂಡಿ ತಲೆಗೆ ಮುಡಿಸುವುದು ಮುತ್ತೈದೆ. ಉಡಿ ತುಂಬುವುದು ಮುತ್ತೈದೆಯರು, ಆರತಿ ಎತ್ತುವುದು ಮುತ್ತೈದೆಯರು. ಕೆಲಸಕ್ಕೆ ಅವ್ವ ಬೇಕಿತ್ತು, ಶಾಸ್ತ್ರಕ್ಕೆ ಬೇಡವಾಗಿತ್ತು. ನಮ್ಮೂರಲ್ಲಿ ಯಾರೂ ಎದ್ದು ಹೋಗು ಎನ್ನಲಿಲ್ಲ, ಅದನ್ನೂ ಹೇಳಬೇಕು. ಯಾರೂ ಅನ್ನುವ ಮೊದಲೇ ಅವಳು ಎದ್ದಿರುತ್ತಿದ್ದಳು. ಬೇರೊಂದು ಊರಲ್ಲಿ ಮಾತ್ರ ಒಬ್ಬರು, ಅವ್ವ ಹೂ ಕಟ್ಟಿದ್ದು ಗೊತ್ತಾಗಿ, ಬುಟ್ಟಿಯನ್ನೇ ಹೊರಗಿಟ್ಟು ಬೇರೆ ಹೂ ತರಿಸಿದರು. ಅದೇ ಮನೆಯ ಸೊಸೆಗೆ ಎರಡು ತಿಂಗಳಾದ ಮೇಲೆ ನಡುರಾತ್ರಿ ಬೇನೆ ಬಂದಾಗ ಬಾಗಿಲು ಬಡಿದದ್ದು ನಮ್ಮ ಮನೆಯದು. ಅವ್ವ ಹೋದಳು. ಹೆರಿಗೆಯ ಹೊತ್ತಿಗೆ ಆ ಕೈಗೆ ಬಳೆ ಇದೆಯೇ ಇಲ್ಲವೇ ಎಂದು ಯಾರೂ ನೋಡಲಿಲ್ಲ.

ಆದರೆ ನಾನು ನಿಮ್ಮನ್ನು ದೂರಲು ಈ ಪತ್ರ ಬರೆದಿಲ್ಲ. ಎಲ್ಲಕ್ಕಿಂತ ದೊಡ್ಡ ತಪ್ಪು ನನ್ನದು.

2005ರಲ್ಲಿ ನನ್ನ ಮದುವೆ. ಹಿಂದಿನ ರಾತ್ರಿ ಇಡೀ ಅವ್ವ ಕೂತು ನನ್ನ ದಂಡಿ ಮಾಡಿದಳು. ರಟ್ಟನ್ನು ಅರ್ಧಚಂದ್ರದಂತೆ ಕತ್ತರಿಸಿ, ಬಿಳಿ ಅರಿವೆ ಹೊದಿಸಿ, ಒಂದೊಂದೇ ಮೊಗ್ಗು ಹೊಲಿದಳು. ನಡುವೆ ಒಂದು ಕೆಂಪು ಗುಲಾಬಿ. ಕೈಗೆ ದವನದ ವಾಸನೆ, ಅದರಡಿ ಎಂದಿನ ಸ್ಪಿರಿಟ್ಟಿನ ವಾಸನೆ. ನನಗೆ ಅವ್ವ ಅಂದರೆ ಆ ಎರಡೂ ಕೂಡಿದ ವಾಸನೆಯೇ. ಬೆಳಗ್ಗೆ ಮುಡಿಸುವ ಹೊತ್ತಿಗೆ ಹಿರಿಯರೊಬ್ಬರು, "ಮುತ್ತೈದಿ ಯಾರದರ, ಬರ್ರಿ" ಎಂದರು. ದೊಡ್ಡವ್ವ ಮುಂದೆ ಬಂದಳು. ಅವ್ವ ದಂಡಿಯನ್ನು ಆಕೆಯ ಕೈಗೆ ಕೊಟ್ಟು, ಬಾಗಿಲ ಆಚೆ ಹೋಗಿ ನಿಂತಳು. ನನಗೆ ಆಗ ಇಪ್ಪತ್ಮೂರು ವರ್ಷ, ಡಿಗ್ರಿ ಓದಿದವಳು, ನಾಲ್ಕು ಮಾತು ಬಲ್ಲವಳು. ಅವ್ವನೇ ಮುಡಿಸಲಿ ಎಂಬ ಎರಡು ಶಬ್ದ ನನ್ನ ಬಾಯಿಂದ ಬರಲಿಲ್ಲ.

ಅಕ್ಕಿಕಾಳಿನ ಹೊತ್ತಿಗೆ ದಂಡಿ ಎಡಕ್ಕೆ ಜಾರತೊಡಗಿತು. ದೊಡ್ಡವ್ವ ಪಿನ್ನು ಸರಿಯಾಗಿ ಸಿಕ್ಕಿಸಿರಲಿಲ್ಲ. ತಲೆಯೆತ್ತಿ ನೋಡಿದರೆ, ಅಷ್ಟು ಜನದ ಹಿಂದೆ, ಅಡಿಗೆಮನೆಯ ಬಾಗಿಲಲ್ಲಿ ಅವ್ವ. ತನ್ನ ಹೂವಿಲ್ಲದ ತಲೆಯ ಎಡಭಾಗವನ್ನು ಬೆರಳಿಂದ ಮುಟ್ಟಿ ತೋರಿಸುತ್ತಿದ್ದಳು: ಇಲ್ಲಿ, ಕಿವಿಯ ಮೇಲೆ, ಒಳಗಡೆಯಿಂದ. ನಾನೇ ಪಿನ್ನು ಒತ್ತಿಕೊಂಡೆ. ದಂಡಿ ನಿಂತಿತು. ಅವ್ವ ಒಳಗೆ ಹೋದಳು.

ಈ ಮಾತನ್ನು ನಾವಿಬ್ಬರೂ ಎಂದೂ ಎತ್ತಲಿಲ್ಲ.

2017ರಲ್ಲಿ ನಿವೃತ್ತಿಯಾದ ಮೇಲೆ ಅವ್ವ ಹೂವಿನ ಕೆಲಸವನ್ನು ದುಡಿಮೆಯಾಗಿ ಹಿಡಿದಳು. ಓಣಿಯ ನಾಲ್ವರನ್ನು ಕೂಡಿಸಿಕೊಂಡು ಮದುವೆಯ ಮಂಟಪ, ತೊಟ್ಟಿಲು, ಸ್ಟೇಜು ಎಲ್ಲ ಅಲಂಕಾರ ಮಾಡತೊಡಗಿದಳು. ಪಾಲಿಹೌಸಿನಲ್ಲಿ ಬೆಳೆದ ಜರ್ಬೆರಾ ಹೂವಿನ ತೆಳು ಟೊಪ್ಪಿಗೆ ಬಿಚ್ಚುವುದು, ಗ್ಲಾಡಿಯೋಲಸಿನ ದಂಟನ್ನು ನೀರೊಳಗೇ ಓರೆಯಾಗಿ ಕತ್ತರಿಸುವುದು, ಅರವತ್ತು ದಾಟಿದ ಮೇಲೆ ಕಲಿತಳು. ಪ್ಲಾಸ್ಟಿಕ್ ಹೂವನ್ನು ಮಾತ್ರ ಎಷ್ಟು ದುಡ್ಡು ಕೊಟ್ಟರೂ ಮುಟ್ಟಲಿಲ್ಲ. 2019ರ ಆಗಸ್ಟಿನಲ್ಲಿ ಘಟಪ್ರಭೆ ಏರಿ ಗೋಕಾಕ ಮುಳುಗಿದಾಗ ಹೂವಿನ ಬುಟ್ಟಿ ಮೂಲೆಗಿಟ್ಟು ಹಳೆಯ ಬಿ.ಪಿ. ಪೆಟ್ಟಿಗೆ ಎತ್ತಿಕೊಂಡು ಕಾಳಜಿ ಕೇಂದ್ರದಲ್ಲಿ ಬಸುರಿಯರನ್ನು ಹುಡುಕುತ್ತ ತಿರುಗಿದಳು. ಮರುವರ್ಷದ ಲಾಕ್‌ಡೌನಿನಲ್ಲಿ ರೈತರು ಚೆಂಡುಹೂವನ್ನು ತಿಪ್ಪೆಗೆ ಸುರಿದದ್ದು ಕಂಡು ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

2022ರ ಮೇ ತಿಂಗಳಲ್ಲಿ ಒಂದು ಸುದ್ದಿ ಬಂತು. ನಮ್ಮ ಗಡಿಯಾಚೆ, ಕೊಲ್ಲಾಪುರ ಜಿಲ್ಲೆಯ ಶಿರೋಳ ತಾಲೂಕಿನ ಹೇರವಾಡ ಎಂಬ ಊರಿನ ಪಂಚಾಯತಿ ಠರಾವು ಮಾಡಿತ್ತು: ಗಂಡ ಸತ್ತಾಗ ಹೆಂಗಸಿನ ಬಳೆ ಒಡೆಯುವುದು, ಕುಂಕುಮ ಒರೆಸುವುದು, ತಾಳಿ ತೆಗೆಯುವುದು ಇನ್ನು ಬೇಡ ಎಂದು. ಕೆಲವೇ ದಿನಗಳಲ್ಲಿ ಮಹಾರಾಷ್ಟ್ರ ಸರಕಾರ ಬೇರೆ ಊರುಗಳಿಗೂ ಹೀಗೆ ಮಾಡಿ ಎಂದು ಸುತ್ತೋಲೆ ಕಳಿಸಿತು. ನಾನು ಅವ್ವನಿಗೆ ಪೇಪರ್ ಓದಿ ಹೇಳಿದೆ. ಅವಳು ಕಾಕಡಾ ಕಟ್ಟುತ್ತ ಕೂತಿದ್ದಳು. ಬಹಳ ಹೊತ್ತಿನ ಮೇಲೆ, "ಯಲ್ಲಮ್ಮನೂ ಹೊಸ್ತಿಲ ಹುಣ್ಣಿವಿಗೆ ಕಂಕಣ ತಗೀತಾಳ, ಭರತ ಹುಣ್ಣಿವಿಗೆ ತಿರುಗಿ ಮುತ್ತೈದಿ ಆಗತಾಳ. ದೇವರಿಗೆ ಭರತ ಹುಣ್ಣಿವಿ ಬರತೈತಿ ನೋಡು" ಎಂದಳು. ಅಷ್ಟೇ. ಕಟ್ಟಿದ ಮಾಲೆಯಿಂದ ಒಂದು ಮೊಳ ಕತ್ತರಿಸಿ ಬೇರೆ ಇಟ್ಟಳು. ಯಾರಿಗೆ ಎಂದು ನಾನು ಕೇಳಲಿಲ್ಲ. ಬೆಳಿಗ್ಗೆ ನೋಡಿದರೆ ಅದು ಜಗಲಿಯ ಮೇಲಿನ ದೇವರ ಫೋಟೋಕ್ಕೆ ಏರಿತ್ತು.

ನನಗೆ ಬೇಕು ಎಂದು ಅವ್ವ ಎಂದೂ ಹೇಳಲಿಲ್ಲ. ಬದುಕಿದ್ದಾಗ ನಾನು ಮುಡಿಸಲು ಹೋಗಿದ್ದರೆ ನನ್ನ ಕೈ ಹಿಡಿದು ನಿಲ್ಲಿಸುತ್ತಿದ್ದಳೋ ಏನೋ. ಇಪ್ಪತ್ತು ವರ್ಷ ಸಮಯವಿತ್ತು, ನಾನು ಒಂದು ದಿನವೂ ಹೋಗಿ ನೋಡಲಿಲ್ಲ. ಸತ್ತ ಮೇಲೆ ಇಟ್ಟೆ. ಆಯಿ, ನೀನು ಕೇಳಿದ್ದಕ್ಕೆ ಇದೇ ಉತ್ತರ: ನನ್ನ ಮದುವೆಯ ದಿನ ನಾನು ಆಡದೇ ಉಳಿಸಿಕೊಂಡ ಮಾತಿಗೆ ಅದು ಬಾಕಿ ಇದ್ದ ಹೂವು.

ಬ್ಯಾನರು ಬೇಕೇ ಬೇಕು ಎಂದಾದರೆ ಮಾಡಿಸಿ, ಬೇಡ ಎನ್ನುವುದಿಲ್ಲ. ಮೇಲೆ ಅವಳ ಹೆಸರು, ಕೆಳಗೆ "ನರ್ಸ್, ಹೂಗಾರ್ತಿ" ಎಂದು ಎರಡೇ ಹಾಕಿಸಿ. ಬ್ಯಾನರಿಗೆ ಇಡುವ ದುಡ್ಡಿನಲ್ಲಿ ಉಳಿಯುವಷ್ಟು ಉಳಿಸಿ, ಉಪಕೇಂದ್ರದ ಮುಂದೆ ಬಸುರಿಯರು ಕೂರಲು ನೆರಳಿನ ಕೆಳಗೆ ಒಂದು ಬೆಂಚು ಹಾಕಿಸೋಣ. ಈಗಿರುವ ನರ್ಸಕ್ಕ ಮನೆ ಬಾಗಿಲಿಗೆ ಬಂದಾಗ ಅಂಗಳದಲ್ಲಿ ನಿಲ್ಲಿಸಿ ಮಾತಾಡಿಸಬೇಡಿ. ಒಳಗೆ ಕರೆದು ಒಂದು ತಂಬಿಗೆ ನೀರು ಕೊಡಿ. ಅವ್ವನಿಗೆ ನೀವು ಕೊಟ್ಟಿದ್ದಿರಿ, ಅದನ್ನು ಅವಳು ಸಾಯುವತನಕ ಹೇಳುತ್ತಿದ್ದಳು.

ಇನ್ನೊಂದು ಕರೆಯೋಲೆ. ಪುಣ್ಯತಿಥಿ ಮುಗಿದ ಮೊದಲ ಸೋಮವಾರ ನಮ್ಮ ಚಿಗವ್ವನ ಸೊಸೆಗೆ ನಮ್ಮ ಮನೆಯಲ್ಲೇ ಕುಬಸ. ಅವ್ವನ ಕೈಯಲ್ಲಿ ಹೂ ಕಲಿತ ನಾಲ್ವರಲ್ಲಿ ಇಬ್ಬರಿಗೆ ಗಂಡನಿಲ್ಲ. ಹೆರಳು ಹಾಕುವುದು ಅವರೇ, ದಂಡಿ ಮುಡಿಸುವುದೂ ಅವರೇ, ಉಡಿ ತುಂಬುವಾಗ ಮೊದಲ ಮುಷ್ಟಿ ಅಕ್ಕಿಯೂ ಅವರದೇ. ಸೊಸೆಯನ್ನು ಕೇಳಿದ್ದೇನೆ, ಚಿಗವ್ವನನ್ನೂ ಕೇಳಿದ್ದೇನೆ. ಚಿಗವ್ವ ಎರಡು ದಿನ ಸುಮ್ಮನಿದ್ದು ಮೂರನೆಯ ದಿನ ಹೂಂ ಎಂದಳು. ಆಮೇಲೆ ನೀವೆಲ್ಲ ಒಬ್ಬೊಬ್ಬರಾಗಿ ಮುಡಿಸಿ, ಹರಸಿ. ಮನಸ್ಸು ಒಪ್ಪದವರು ಬಂದು ಊಟ ಮಾಡಿಕೊಂಡು ಹೋದರೂ ನನಗೆ ಸಂತೋಷವೇ. ಆಯಿ ಮಾತ್ರ ಬರಲೇಬೇಕು, ಅವಳನ್ನು ಕರೆದುಕೊಂಡು ಬರಲು ತಮ್ಮನನ್ನು ಗಾಡಿ ಕೊಟ್ಟು ಕಳಿಸುತ್ತೇನೆ. ನರ್ಸಕ್ಕನೂ ಬಿ.ಪಿ. ಪೆಟ್ಟಿಗೆ ತರುತ್ತೇನೆ ಎಂದಿದ್ದಾಳೆ.

ಸೂಜಿ-ದಾರ ಯಾರೂ ತರಬೇಡಿ, ಸಿರಿಂಜಿನ ಡಬ್ಬಿಯಲ್ಲಿ ಎಲ್ಲ ಇವೆ. ಕಾಕಡಾ ನಸುಕಿನ ಬಸ್ಸಿಗೆ ಗೋಕಾಕದಿಂದ ಬರುತ್ತದೆ. ಬಿಸಿಲೇರಿದರೆ ಮೊಗ್ಗು ಬಿರಿಯುತ್ತವೆ, ಕಟ್ಟಲು ಬರುವುದಿಲ್ಲ. ಅದಕ್ಕೇ ಏಳಕ್ಕೆಲ್ಲ ಬಂದುಬಿಡಿ.

ನಿಮ್ಮ,
ನರ್ಸಬಾಯಿ ಮಗಳು